ಇಪ್ಪತ್ತು ಹೆಜ್ಜೆ

ನನ್ನ ಬಲಗಿವಿ ಹೋಗಿದ್ದು ಆನೆಯಿಂದಲ್ಲ,
ಆನೆಗೆಂದು ನಾನೇ ಹಾರಿಸಿದ ಗಾಳಿಯಿಂದ.

ಆಲೂರಿನ ಕೊಳಾಯಿ ಅಂಗಡಿಯಲ್ಲಿ ಕೊಂಡ ಪೈಪು,
ಒಳಗೆ ಕಾರ್ಬೈಡಿನ ಚೂರು, ಒಂದು ಗುಟುಕು ನೀರು.
ಕೊಳೆತ ಬೆಳ್ಳುಳ್ಳಿಯ ವಾಸನೆ ತುಂಬಿಕೊಳ್ಳುತ್ತೆ ಮೊದಲು.
ಒಲೆ ಹಚ್ಚುವ ಲೈಟರು ಹಿಂದಿನಿಂದ ಟಕ್ಕೆಂದರೆ
ಕತ್ತಲೆಗೆ ಒಂದು ತೂತು.
ಬಯಲಿನ ನಾಯಿಗಳೆಲ್ಲ ಎದ್ದು
ನನ್ನ ಹೆಸರು ಹಿಡಿದೇ ಬೈಯುತ್ತವೆ.

ಮೊದಲ ವರ್ಷ ಆನೆಗಳು ಓಡಿದವು, ಸುಳ್ಳು ಹೇಳಬಾರದು.
ಎರಡನೇ ವರ್ಷ ನಡೆದವು.
ಈಗ ಆ ಒಂಟಿ ಸಲಗ, ಮೊಂಡಬಾಲ,
ಸದ್ದಿಗೆ ಒಂದು ಸಲ ಕಿವಿ ಬೀಸಿ,
ಸಭೆಗೆ ಬಂದು ಸಹಿ ಹಾಕಿದ ಪಂಚಾಯ್ತಿ ಮೆಂಬರಿನ ಹಾಗೆ
ಊಟದ ಕಡೆ ತಿರುಗುತ್ತಾನೆ.
ಅವನಿಗೆ ಗೊತ್ತಾಗಿದೆ: ಈ ಮನುಷ್ಯ ಬರೀ ಕೆಮ್ಮುತ್ತಾನೆ.

ಮಗಳು ಸುಕನ್ಯ, ಒಂಬತ್ತನೇ ಕ್ಲಾಸು.
ಹಾಸನದ ವಿಜ್ಞಾನ ಪ್ರದರ್ಶನಕ್ಕೆ ಏನಾದರೂ ಮಾಡಿ
ಅಂದರಂತೆ ಫ್ಲೋರಿನ್ ಮೇಡಂ.
ಯಾರದೋ ಗೃಹಪ್ರವೇಶದ ಪೇಂಟಿನ ಬಕೆಟ್ಟು ತಂದು
ತಳಕ್ಕೆ ಮುಷ್ಟಿಯಷ್ಟು ಕಿಂಡಿ ಕೊರೆದಳು,
ಬಾಯಿಗೆ ಲಾರಿ ಟ್ಯೂಬಿನ ರಬ್ಬರು ಬಿಗಿದಳು.
‘ಇದೂ ಫಿರಂಗೀನೇ ಅಪ್ಪ,
ನಿಂದಕ್ಕಿಂತ ಸ್ವಲ್ಪ ನಾಚಿಕೆ ಜಾಸ್ತಿ.’

ಸಾಂಬ್ರಾಣಿ ಹೊಗೆ ತುಂಬಿ ರಬ್ಬರಿಗೆ ಒಂದು ಏಟು.
ಹೊಗೆ ಚೆದುರಲಿಲ್ಲ.
ಬಳೆಯಾಗಿ ಹೊರಟು, ತನ್ನೊಳಗೆ ತಾನೇ ಉರುಳುತ್ತ,
ನಡುಮನೆ ದಾಟಿ, ಕ್ಯಾಲೆಂಡರಿನ ಹಾಳೆ ಎತ್ತಿ ನೋಡಿ,
ಜವರಮ್ಮ ಹಚ್ಚಿಟ್ಟ ದೀಪವನ್ನು
ದೊಡ್ಡದು ಮಾಡಿತು.
ಆರಿತು ಅನ್ನಬಾರದಲ್ಲ, ಅದಕ್ಕೆ ಹಾಗಂದೆ.
ಜವರಮ್ಮ ಅಂದದ್ದನ್ನು ಇಲ್ಲಿ ಬರೆಯಲಾಗದು.

ಆಮೇಲೆ ಹೊಗೆಯಿಲ್ಲದೆ, ಹೇಳದೆ ಕೇಳದೆ,
ನನ್ನ ಸತ್ತ ಕಿವಿಗೆ ಗುರಿಯಿಟ್ಟು ಒಂದು ಬಿಟ್ಟಳು.
ನಾನು ತಿರುಗಿದೆ.
‘ಕೇಳಿಸ್ತಾ?’
ಕೇಳಿಸಲಿಲ್ಲ. ಬಂತು.
ಹಸುಗೂಸು ಉಸಿರು ಬಿಟ್ಟ ಹಾಗೆ ಬಂತು.
ಏಳು ವರ್ಷದಿಂದ ಆ ಕಡೆ ಏನೂ ಬಂದಿರಲಿಲ್ಲ.

‘ಮನೆ ಸಾಲದು, ಬಯಲಲ್ಲಿ ಎಷ್ಟು ದೂರ ಹೋಗುತ್ತೆ
ಅಳೆದು ಬರ್ಕೊಂಡು ಬಾ’ ಅಂತ
ಬಕೆಟ್ಟು, ನೋಟ್‌ಬುಕ್ಕು, ಪೆನ್ಸಿಲು ಕೊಟ್ಟಳು ರಾತ್ರಿ ಪಾಳಿಗೆ.
ಜೊತೆಯ ಹಲಗಪ್ಪ ನಕ್ಕು ನಕ್ಕು
ಅಟ್ಟಣೆಯ ಮೇಲೆಯೇ ನಿದ್ದೆ ಹೋದ.

ಭತ್ತ ಹಾಲುಗಟ್ಟುವ ದಿನ. ಎಲೆ ಅಲುಗದ ಬೆಳದಿಂಗಳು.
ಡಬ್ಬಿಯ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ
ಒಂದು ಹೊಡೆದೆ, ಎಂಟು ಹೆಜ್ಜೆ.
ಇನ್ನೊಂದು, ಹನ್ನೊಂದು.
ಮೂರನೆಯದು ಬದುವಿನ ತುಂಬೆ ಗಿಡಕ್ಕೆ ಸಿಕ್ಕಿ ಹರಿಯಿತು.
ನಾಲ್ಕನೆಯದು ಹೋಗುತ್ತಲೇ ಇತ್ತು,
ದಪ್ಪಗಾಗುತ್ತ, ನಿಧಾನವಾಗುತ್ತ,
ನಾನು ಎಣಿಸುತ್ತಲೇ ಇದ್ದೆ,
ಇಪ್ಪತ್ತಕ್ಕೆ ಕತ್ತಲೆ ಕೈ ಚಾಚಿ ಅದನ್ನು ತೆಗೆದುಕೊಂಡಿತು.

ಸೊಂಡಿಲು.
ಯಾವಾಗ ಬಂದು ನಿಂತನೋ, ಯಾರಿಗೆ ಗೊತ್ತು,
ನನಗಿರುವುದು ಒಂದೇ ಕಿವಿ.
ಎತ್ತಿ ಹಿಡಿದು, ಮೂಸಿದ.
ನಮ್ಮ ನಡುಮನೆಯನ್ನು ಮೂಸಿದ,
ಜವರಮ್ಮನ ದೇವರ ಗೂಡನ್ನು, ಲಾರಿ ಟ್ಯೂಬನ್ನು,
ರಬ್ಬರು ಎಳೆದ ಹುಡುಗಿಯ ಕೈಯನ್ನು.
ಪೈಪು ನನ್ನ ಮೊಣಕಾಲ ಪಕ್ಕದಲ್ಲೇ ಇತ್ತು,
ಕಾರ್ಬೈಡು ಒಣಗಿಯೇ ಇತ್ತು.
ಮುಟ್ಟಲಿಲ್ಲ ನಾನು.
ಯಾಕೆ ಅಂತ ಸಾಹೇಬರು ಕೇಳಿದರೆ
ನನ್ನ ಹತ್ತಿರ ಉತ್ತರವಿಲ್ಲ.

ಓಡಿದ ಅಂದುಕೊಂಡಿರಾ?
ಹನ್ನೆರಡು ಗುಂಟೆ ಮೇಯ್ದ,
ಮಾಯಿಗೌಡರ ಪಂಪ್‌ಸೆಟ್ಟಿನ ಪೈಪು ತುಳಿದು
ಬೆಳಗಿನ ಜಾವ ತನ್ನ ಪಾಡಿಗೆ ಹೋದ.

ಇಲಾಖೆಯ ರಿಜಿಸ್ಟರಿನಲ್ಲಿ ಎಂದಿನಂತೆ ಬರೆದೆ:
ಆನೆಯನ್ನು ಹಿಮ್ಮೆಟ್ಟಿಸಲಾಯಿತು.
ಮಗಳ ನೋಟ್‌ಬುಕ್ಕಿನಲ್ಲಿ ಸುಳ್ಳು ಬರೆಯಲು ಕೈ ಬರಲಿಲ್ಲ.
ಪ್ರಯೋಗ ನಾಲ್ಕು. ದೂರ ಇಪ್ಪತ್ತು ಹೆಜ್ಜೆ.
ಷರಾ ಅನ್ನೋ ಜಾಗದಲ್ಲಿ ಪೆನ್ಸಿಲು ಚೀಪುತ್ತ ಕೂತು,
ಕೊನೆಗೆ ‘ಮುಟ್ಟಿತು’ ಅಂತ ಗೀಚಿದೆ.

ಬೆಳಿಗ್ಗೆ ಅದನ್ನು ಓದಿ
ಸುಕನ್ಯ ನನ್ನ ಬಲಗಡೆ ಬಂದು ನಿಂತು
ಏನೋ ಕೇಳಿದಳು.